ಕಮಾನಿನ ಪಕ್ಕದ ದಾರಿ

ಮಿಯಾದಾನಿ
ಜನವರಿ 22, 1972

ಅಕ್ಕ,

ಅಮ್ಮ ಸತ್ತಿದ್ದಾಳೆ. ನೀನು ಅದನ್ನು ನನ್ನಿಂದ ಮುಚ್ಚಿಟ್ಟೆ. ಇದು ಅನ್ಯಾಯ. ಮೊದಲು ಇಷ್ಟನ್ನು ಬರೆದು ಮಿಕ್ಕಿದ್ದನ್ನು ಆಮೇಲೆ ಬರೆಯುತ್ತೇನೆ.

ನಾನು ಜನರನ್ನು ಸುತ್ತಿಸುವ ಬಸ್ಸಿನಲ್ಲಿ ಇವತ್ತಿನ ಅರ್ಧ ದಿನದ ಪ್ರವಾಸಕ್ಕೆ ನಮ್ಮ ಕಡೆಯ ಮೀನು ಸಂಘದವರು ಬಂದಿದ್ದರು. ಗುಡಿ ತೋರಿಸಿದೆ, ಬಾವಿ ತೋರಿಸಿದೆ, ಅಕ್ಕಿಯ ಮದ್ಯ ಮಾಡುವ ಸಾಕೆಮನೆಗೆ ಕರೆತಂದು ರುಚಿ ನೋಡುವ ಕಟ್ಟೆಯ ಮುಂದೆ ಸಾಲಾಗಿ ನಿಲ್ಲಿಸಿ ಚಿಕ್ಕ ಬಟ್ಟಲುಗಳಿಗೆ ಸುರಿಯುತ್ತಿದ್ದೆ. ಪಕ್ಕದೂರಿನ ದೋಣಿಯವನ ಹೆಂಡತಿ ನನ್ನ ಮುಖವನ್ನೇ ನೋಡಿ, "ನೀನು ಇಸೋಹಾಮದ ಯಸಾಕು ಮೇಸ್ತ್ರಿ ಮಗಳು ಚಿಗುಸಾ ಅಲ್ವಾ? ನಿಮ್ಮಮ್ಮ ಕಿನು ಹೋಗಿ ಇನ್ನೂ ಹದಿನೈದು ದಿನ ಆಗಿಲ್ಲ, ಆಗಲೇ ಕೆಲಸಕ್ಕೆ ಬಂದುಬಿಟ್ಟಿದ್ದೀಯ. ಗಟ್ಟಿ ಹುಡುಗಿ ಕಣೇ" ಅಂದಳು. ನಾನು ಸುರಿಯುತ್ತಲೇ ಇದ್ದೆ. ಬಟ್ಟಲು ತುಂಬಿ ಕಟ್ಟೆಯ ಮೇಲೆ ಹರಿಯಿತು. ಪಕ್ಕದವನೊಬ್ಬ "ಓಹೋ, ಇವತ್ತು ಧಾರಾಳ!" ಎಂದು ನಕ್ಕು ಬಗ್ಗಿ ಕಟ್ಟೆಗೇ ಬಾಯಿ ಹಚ್ಚಿದ.

ಅಪ್ಪ ಅಲ್ಲೇ ಬಾಗಿಲಲ್ಲಿ ನಿಂತು ಪ್ರವಾಸಿಗಳಿಗೆ ತಲೆ ಬಾಗುತ್ತಿದ್ದ. ಈ ವರ್ಷ ಅದೂ ಅವನ ಕೆಲಸವಂತೆ. "ಇವರೇ ಸಾಕೆ ಮಾಡುವ ನಮ್ಮ ಮೇಸ್ತ್ರಿ" ಎಂದು ದಿನಾ ನಾನೇ ಕೈ ತೋರಿಸಬೇಕು. ಅವನಿಗೆ ಏನೂ ಕೇಳಿಸಲಿಲ್ಲ. ಆ ಹೆಂಗಸನ್ನು ಬಚ್ಚಲು ತೋರಿಸುವ ನೆಪದಲ್ಲಿ ಹೊರಗೆ ಕರೆದುಕೊಂಡು ಹೋಗಿ ಎಲ್ಲ ಕೇಳಿಕೊಂಡೆ. ಒಂಬತ್ತನೇ ತಾರೀಕು, ಭಾನುವಾರ. ಸುಟ್ಟದ್ದೂ ಆಗಿದೆ. ಅಪ್ಪನಿಗೂ ಹೇಳಿಲ್ಲ.

ಯಾರಿಗೋಸ್ಕರ ಎಂದು ನನಗೆ ಗೊತ್ತು. ಸೂತಕ ಬಂದ ಮೇಸ್ತ್ರಿ ಸಾಕೆಮನೆಯ ಹೊಸಿಲು ದಾಟುವಂತಿಲ್ಲ, ಒಳಗಿನ ದೇವರ ಮುಂದೆ ನಿಲ್ಲುವಂತಿಲ್ಲ. ಹುದುಗು ಏಳುತ್ತಿರುವ ಹೊತ್ತಿನಲ್ಲಿ ಮೇಸ್ತ್ರಿ ಹೊರನಡೆದರೆ ಮಾಲೀಕನಿಗೆ ನಷ್ಟ. ಅದಕ್ಕಾಗಿ ನೀವು ಅಮ್ಮನನ್ನು ಸದ್ದಿಲ್ಲದೆ ಸುಟ್ಟಿರಿ. ದುಡಿಯುವವನು ಅಳುವುದಕ್ಕೂ ಯಜಮಾನನ ಕೊಪ್ಪರಿಗೆಯ ಅಪ್ಪಣೆ ಬೇಕೇ? ಸತ್ತವರಿಂದ ಬದುಕಿದವರಿಗೆ ಮೈಲಿಗೆ ಅಂಟುತ್ತದೆ ಎನ್ನುವುದು ಸುಳ್ಳು. ಆ ಸುಳ್ಳನ್ನು ಹೊಟ್ಟೆಪಾಡಿಗೆ ಬಳಸುವುದು ಇನ್ನೂ ದೊಡ್ಡ ಸುಳ್ಳು.

ನಿನ್ನ ಉತ್ತರ ಬರುವವರೆಗೆ ಅಪ್ಪನಿಗೆ ಹೇಳುವುದಿಲ್ಲ. ಬಂದ ಮೇಲೆ ಒಂದು ದಿನವೂ ತಡೆಯುವುದಿಲ್ಲ.

ಚಿಗುಸಾ

*

ಇಸೋಹಾಮ
ಜನವರಿ 26

ಚಿಗು,

ನಿನ್ನ ಕಾಗದವನ್ನು ನಿಂತೇ ಓದಿದೆ. ಬೈಸಿಕೊಳ್ಳಬೇಕಾದದ್ದೇ. ಆದರೆ ಒಂದು ಮಾತು ತಿದ್ದಿಕೋ. ಮಾಲೀಕನಿಗೋಸ್ಕರ ಅಲ್ಲ.

ಅಮ್ಮನೇ ಹೇಳಿದಳು. ಹೊಸ ವರ್ಷ ಕಳೆದ ಮೇಲೆ ಕೆಮ್ಮು ಎದೆಗಿಳಿಯಿತು. ಡಾಕ್ಟರು ತಂತಿ ಕೊಡಿ ಅಂದಾಗ ನನ್ನ ಕೈ ಹಿಡಿದುಕೊಂಡು, "ತಂತಿಗಿಂತಿ ಏನೂ ಬೇಡ. ದೊಡ್ಡ ಕೊಪ್ಪರಿಗೇಲಿರೋ ಹುದುಗು ಹಿಂಡೋವರೆಗೂ ಅವರಿಗೆ ತಿಳೀಬಾರದು. ತಿಳಿದರೆ ಅವರು ಒಳಗಿರಲ್ಲ, ಹೊರಟೇಬಿಡ್ತಾರೆ" ಅಂದಳು. ಯಾಕೆ ಎಂದು ನಿನಗೆ ಗೊತ್ತಿಲ್ಲ, ನೀನು ಪ್ರವಾಸದ ಬಸ್ಸಿನಲ್ಲಿದ್ದೀಯ. ಮಾಲೀಕ ಮುಂದಿನ ಚಳಿಗಾಲಕ್ಕೆ ಯಂತ್ರ ತರಿಸುವ ಮಾತಾಡುತ್ತಿದ್ದಾನೆ. ಈ ಸಲ ದೇವರಿಗೆ ಒಪ್ಪಿಸುವ ಸಾಕೆ ಹೇಗೆ ಬರುತ್ತದೆ ನೋಡಿ, ನಮ್ಮೂರಿನ ಗುಂಪನ್ನು ಮತ್ತೆ ಕರೆಸಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುತ್ತಾನಂತೆ. ಅಪ್ಪನ ಕೈಕೆಳಗೆ ಇಸೋಹಾಮದ ಎಂಟು ಮನೆಯ ಗಂಡಸರಿದ್ದಾರೆ. ಚಳಿಗಾಲದಲ್ಲಿ ಇಲ್ಲಿಯ ಸಮುದ್ರ ಯಾರಿಗೆ ಅನ್ನ ಹಾಕುತ್ತದೆ? ಆ ಎಂಟರಲ್ಲಿ ಒಬ್ಬನಾದ ಗೆನ್‌ಪೇಯ ಹೆಂಡತಿ ಮತ್ತೆ ಬಸುರಿ. ಇದಕ್ಕೆ ನೀನು ಓದುವ ಆ ಕಾರ್ಮಿಕರ ಕರಪತ್ರದಲ್ಲಿ ಏನು ಬರೆದಿದೆ, ನೋಡಿ ಹೇಳು.

ನಿನಗಾದರೂ ತಿಳಿಸಲೇ ಎಂದು ಕೇಳಿದ್ದೆ. "ಅವಳ ಮುಖದಲ್ಲಿ ಏನೂ ಅಡಗಲ್ಲ. ದಿನಾ ಅಪ್ಪನ ಎದುರು ನಿಲ್ಲೋಳು" ಅಂದಳು. ಆಮೇಲೆ ನಕ್ಕು, "ಗೊತ್ತಾದರೂ ಪರವಾಗಿಲ್ಲ ಬಿಡು. ಅವಳು ಸೂತಕ ನಂಬಲ್ಲ, ಅವಳಿಗೆ ತಟ್ಟಲ್ಲ" ಅಂದಳು.

ನಿದ್ದೆಯಲ್ಲೇ ಹೋದಳು. ಏನೂ ಕೇಳಲಿಲ್ಲ.

ಹಿಂಡುವುದು ಫೆಬ್ರವರಿ ಇಪ್ಪತ್ತಕ್ಕೆ. ಅಲ್ಲಿಯವರೆಗೆ ಬಾಯಿ ಕಟ್ಟಿಕೋ. ಇದು ನನ್ನ ಮಾತಲ್ಲ, ಅಮ್ಮನದು. ರಜೆ ಹಾಕಬೇಡ, ಕಾರಣ ಕೇಳುತ್ತಾರೆ. ಇಲ್ಲಿಗೆ ಫೋನ್ ಮಾಡಬೇಡ. ಸಂಘದ ಅಂಗಡಿಯಲ್ಲಿ ಫೋನ್ ಬಂದರೆ ಇಡೀ ಊರು ಕಿವಿ ತೆರೆದು ನಿಲ್ಲುತ್ತದೆ.

ಫುಮಿಯೆ

*

ಮಿಯಾದಾನಿ
ಜನವರಿ 30

ಅಕ್ಕ,

ಅಮ್ಮನೂ ಕೊಪ್ಪರಿಗೆಯ ಪಕ್ಷವೇ ಆದಳು ಎಂದು ಮೊದಲು ಸಿಟ್ಟು ಬಂತು. ಎಂಟು ಮನೆಯ ಒಲೆ ಒಬ್ಬ ಮುದುಕನ ದುಃಖದ ಮೇಲೆ ಉರಿಯಬೇಕಾದರೆ ಆ ಒಲೆಯನ್ನು ಕಟ್ಟಿದವರದೇ ತಪ್ಪು ಎಂದು ಈಗಲೂ ಹೇಳುತ್ತೇನೆ. ಆದರೆ ಗೆನ್‌ಪೇಯ ಹೆಂಡತಿಗೆ ಅದನ್ನು ಹೇಳಿ ಏನು ಪ್ರಯೋಜನ? ಸರಿ. ಇಪ್ಪತ್ತರವರೆಗೆ ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ.

ಅದರ ಬೆಲೆ ಏನು ಎಂದು ನಿನಗೆ ತಿಳಿದಿರಲಿ. ದಿನಾ ಮಧ್ಯಾಹ್ನ ಪ್ರವಾಸಿಗಳು ಕುಡಿದು ಕೆನ್ನೆ ಕೆಂಪು ಮಾಡಿಕೊಂಡು ಅಂಗಡಿಯ ಕಡೆ ಹೋದಾಗ ಅಪ್ಪ ನನ್ನ ಹತ್ತಿರ ಬರುತ್ತಾನೆ.

"ಮನೆಯಿಂದ ಕಾಗದ ಬಂತಾ?"

"ಬಂತು."

"ಅಮ್ಮನ ಕೆಮ್ಮು ಹೇಗಿದೆಯಂತೆ?"

"ಕಮ್ಮಿ ಆಗಿದೆಯಂತೆ ಅಪ್ಪ."

"ನೋಡು, ನಾನು ಹೇಳ್ಲಿಲ್ವಾ? ಬಿಸಿಲು ಬಿದ್ದರೆ ಸರಿ ಹೋಗುತ್ತೆ. ನೀನ್ಯಾಕೆ ಹೀಗೆ ಬಡಕಲಾಗಿದ್ದೀಯ? ಊಟ ಬಿಟ್ಟು ಕಾಗದ ಓದ್ತೀಯೇನೋ." ಹೀಗೆ ಹೇಳಿ ನಗುತ್ತಾನೆ. ಮೊನ್ನೆ ಕೆಂಪು ಟೋಪಿಯ ಪ್ರವಾಸಿಯೊಬ್ಬ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ. ಅಪ್ಪ ಒಳ್ಳೆಯ ಹುಡುಗನ ಹಾಗೆ ಕ್ಯಾಮೆರಾ ನೋಡಿದ. ಹೆಂಡತಿ ಸತ್ತವನು ನಗುತ್ತಿರುವ ಫೋಟೋ ಒಸಾಕಾದ ಯಾವುದೋ ಮನೆಯಲ್ಲಿದೆ, ಅಕ್ಕ. ಅದನ್ನು ತೆಗೆಸಿದವಳು ನಾನು.

ಗುಡಿಯ ಮೆಟ್ಟಿಲ ಮೇಲಿನ ಕೆಂಪು ಕಮಾನಿನ ಕೆಳಗೆ ದಿನಕ್ಕೆ ಎರಡು ಸಲ ದಾಟುತ್ತೇನೆ. ಸೂತಕದವರು ದಾಟಬಾರದಂತೆ. ದಾಟಿದೆ. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ. ಇದನ್ನು ಅಜ್ಜಿಯರಿಗೆಲ್ಲ ತಿಳಿಸು.

ಚಿಗುಸಾ

*

ಇಸೋಹಾಮ
ಫೆಬ್ರವರಿ 3

ಚಿಗು,

ಇವತ್ತು ಪೀಡೆ ಓಡಿಸಲು ಮನೆಮನೆಯಲ್ಲೂ ಹುರಿದ ಕಾಳು ಎರಚುವ ದಿನ. ಸೂತಕದ ಮನೆಯೆಂದು ನಾವು ಎರಚಲಿಲ್ಲ. ಪಕ್ಕದ ಹಾತ್ಸು ಅಜ್ಜಿ ಬೇಲಿಯಾಚೆಯಿಂದ ನಮ್ಮ ಅಂಗಳಕ್ಕೂ ನಾಲ್ಕು ಹುರಿದ ಕಾಳು ಎಸೆದು, "ಇದು ನಾನು ಎಸೆದದ್ದಲ್ಲಪ್ಪ, ಕೈ ಜಾರಿ ಬಿತ್ತು" ಎಂದು ದೇವರಿಗೆ ಕೇಳಿಸುವ ಹಾಗೆ ಕೂಗಿದಳು.

ನಿನ್ನ ಕಾಗದ ಓದಿ ಸಮಾಧಾನವಾಯಿತು. ನೀನು ಗಟ್ಟಿಯಾಗಿದ್ದೀಯ. ಅಮ್ಮ ಹೇಳಿದ್ದು ನಿಜ, ನಿನಗೆ ತಟ್ಟುವುದಿಲ್ಲ. ಇನ್ನು ಸ್ವಲ್ಪ ದಿನ. ಅಸ್ಥಿ ದೇವರ ಮೂಲೆಯಲ್ಲಿದೆ. ಮಣ್ಣಿಗೆ ಸೇರಿಸುವುದನ್ನು ಅಪ್ಪ ಬರುವವರೆಗೆ ತಡೆದಿದ್ದೇನೆ.

ಫುಮಿಯೆ

*

ಮಿಯಾದಾನಿ
ಫೆಬ್ರವರಿ 8

ಅಕ್ಕ,

ಅಪ್ಪನಿಗೆ ತಿಳಿಯಿತು. ನಾನು ಬಾಯಿ ಬಿಡಲಿಲ್ಲ. ಅಮ್ಮನ ಆಣೆ, ಅವನಾಗಿಯೇ ಕೇಳುವವರೆಗೆ ಒಂದು ಮಾತೂ ಆಡಲಿಲ್ಲ. ಆದರೂ ತಿಳಿಸಿದವಳು ನಾನೇ. ಅಪ್ಪ ಮನೆಗೆ ಬಂದನೇ? ಈ ಕಾಗದ ಸೇರಿದ ಕೂಡಲೇ ತಂತಿ ಕೊಡು.

ಬೆಳಗ್ಗೆ ಮೊದಲ ಬಸ್ಸಿಗೆ ಮುಂಚೆ ಅಪ್ಪ ಸಾಕೆಮನೆಯ ಹಿಂಬಾಗಿಲಿಗೆ ನನ್ನನ್ನು ಕರೆಸಿದ್ದ. ಕೈಯಲ್ಲಿ ಒಂದು ಪೊಟ್ಟಣ. ಚಿಕ್ಕ ಕೊಪ್ಪರಿಗೆ ಹಿಂಡಿದ ಮೇಲೆ ಚೀಲದಲ್ಲಿ ಉಳಿಯುತ್ತದಲ್ಲ, ಆ ಸಾಕೆಯ ಹಿಂಡಿ. ಪ್ರತಿ ಚಳಿಗಾಲವೂ ಮನೆಗೆ ಕಳಿಸುವುದು. "ಅಂಚೆಗೆ ಹಾಕು ತಾಯಿ. ಬಿಸಿನೀರಲ್ಲಿ ಕದಡಿ ಬೆಲ್ಲ ಹಾಕಿ ಕುಡೀಲಿ. ಅವಳ ಕೆಮ್ಮಿಗೆ ಅದೇ ಮದ್ದು" ಅಂದ. ಪೊಟ್ಟಣ ಇನ್ನೂ ಬೆಚ್ಚಗಿತ್ತು, ಅವನು ಅದನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ನಾನೂ ಅದನ್ನು ನನ್ನ ಕೋಟಿನೊಳಗೆ ಇಟ್ಟುಕೊಂಡು ಬಸ್ಸಿಗೆ ಹೋದೆ.

ವಿಮಾ ಕಂಪನಿಯ ನಲವತ್ತು ಜನ. ಧ್ವಜ ಎತ್ತಿ ಹಿಡಿದು ಮುಂದೆ ನಡೆದೆ. "ಎಲ್ಲರೂ ನನ್ನ ಧ್ವಜದ ಹಿಂದೆ ಬನ್ನಿ" ಎಂದು ದಿನಾ ಹೇಳುವಂತೆ ಹೇಳಿದೆ. ಮೆಟ್ಟಿಲ ಮೇಲೆ ಕಮಾನು ಬಂತು. ನಾನು ಏನನ್ನೂ ಯೋಚಿಸುತ್ತಿರಲಿಲ್ಲ, ಅಕ್ಕ. ಎದೆಯ ಹತ್ತಿರ ಪೊಟ್ಟಣ ಬೆಚ್ಚಗಿತ್ತು, ಅಷ್ಟೇ. ಕಾಲು ಬಲಕ್ಕೆ ತಿರುಗಿತು. ಕಮಾನಿನ ಕಂಬದಾಚೆ, ಹಿಮ ತುಳಿಯದ ಕಡೆ, ಸೂತಕದವರು ಬಳಸಿ ಹೋಗುವ ಕಿರುದಾರಿ ಇದೆಯಲ್ಲ, ಅದರಲ್ಲಿ ನಡೆದುಬಿಟ್ಟೆ. ಅರ್ಧ ದಾರಿಯಲ್ಲಿ ಎಚ್ಚರವಾಗಿ ಹಿಂದೆ ನೋಡಿದರೆ ನಲವತ್ತು ಜನವೂ ಸಾಲಾಗಿ ನನ್ನ ಹಿಂದೆಯೇ ಬರುತ್ತಿದ್ದಾರೆ! ಪಟ್ಟಣದವರು, ಇದೇ ಪದ್ಧತಿ ಇರಬೇಕು ಅಂದುಕೊಂಡರು. ಕಮಾನಿನ ಕೆಳಗೆ ಒಬ್ಬರೂ ಇಲ್ಲ. ಅವರಲ್ಲಿದ್ದ ಮುದುಕಿಯೊಬ್ಬಳು ಮಾತ್ರ ನಿಂತು, "ಏನ್ರೋ ಇದು, ಇಡೀ ಆಫೀಸಿಗೇ ಸೂತಕ ಬಂತಾ?" ಎಂದು ಕೂಗಿದಳು. ಎಲ್ಲರೂ ನಕ್ಕರು.

ಆಚೆ ಸಾಕೆಮನೆಯ ಬಾವಿಕಟ್ಟೆಯಲ್ಲಿ ಅಪ್ಪ ಅಕ್ಕಿ ತೊಳೆಸುತ್ತಿದ್ದ. ನಗು ಕೇಳಿ ತಲೆ ಎತ್ತಿದ. ನನ್ನನ್ನು ನೋಡಿದ. ನಾನು ಎಲ್ಲಿ ನಡೆಯುತ್ತಿದ್ದೇನೆ ಎಂದು ನೋಡಿದ.

ರುಚಿ ನೋಡುವ ಹೊತ್ತಿಗೆ ಬಾಗಿಲಲ್ಲಿ ಅವನಿರಲಿಲ್ಲ. ಅವನ ಕೈಕೆಳಗಿನ ಗೆನ್‌ಪೇ ಬಂದು ಕಿವಿಯಲ್ಲಿ, "ಮೇಸ್ತ್ರಿ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಹೊರಗೆ ಹೋದ. ಕೊಪ್ಪರಿಗೆ ನೀನು ನೋಡ್ಕೋ ಅಂದ. ಏನಾಯ್ತೇ?" ಅಂದ. ಪ್ರವಾಸಿಗಳನ್ನು ಬಿಟ್ಟು ಓಡಿದೆ. ಹಿತ್ತಿಲಿನ ಕಲ್ಲಿನ ಮೇಲೆ ಕೂತಿದ್ದ.

"ಯಾರು?" ಅಂದ.

ಸುಳ್ಳು ಹೇಳಲು ಬಾಯಿ ತೆರೆದೆ. "ಅಮ್ಮ" ಅಂದೆ.

"ಯಾವತ್ತು?"

"ಹೋದ ತಿಂಗಳು ಒಂಬತ್ತು."

ಸ್ವಲ್ಪ ಹೊತ್ತು ನೆನಪು ಮಾಡಿಕೊಂಡ. "ಅವತ್ತು ಹುದುಗು ಕಲಕ್ತಾ ಹಾಡ್ತಿದ್ವಿ. ಚೆನ್ನಾಗಿ ಬಂತು ಅಂತ ಎರಡು ಸಲ ಹಾಡಿದ್ವಿ" ಅಂದ. ಆಮೇಲೆ ಎದ್ದ. ಒಳಗೆ ಕೋಟು ಇದೆ, ತರುತ್ತೇನೆ ಅಂದೆ. "ಬೇಡ. ಇಷ್ಟು ದಿನ ಸೂತಕದ ಕೈಯಲ್ಲಿ ದೇವರಿಗೆ ನೀರಿಟ್ಟಿದ್ದೀನಿ. ಇನ್ನು ಆ ಒಳಗಿಂದು ಏನೂ ಬೇಡ" ಅಂದ. ಕೆಲಸದ ಅಂಗಿ, ರಬ್ಬರ್ ಬೂಟು. ಹಾಗೇ ಹಿಮದಲ್ಲಿ ನಿಲ್ದಾಣದ ಕಡೆ ನಡೆದ. ನಾನು ಹಿಂದೆ ಹೋದೆ. ತಿರುಗಿ, "ನಿನ್ನ ಜನ ಕಾಯ್ತಿದ್ದಾರೆ, ಹೋಗು" ಅಂದ. ಅದನ್ನು ಅಂದ ರೀತಿಗೆ ನನ್ನ ಕಾಲು ನಿಂತುಬಿಟ್ಟಿತು.

ತಂತಿ ಕೊಡು.

ಚಿಗುಸಾ

*

ಮಿಯಾದಾನಿ
ಫೆಬ್ರವರಿ 11

ಅಕ್ಕ,

ತಂತಿ ಬಂದಿಲ್ಲ. ನಾನೇ ತಂತಿ ಕೊಟ್ಟೆ, ಉತ್ತರವಿಲ್ಲ. ನೀನು ಬೇಡವೆಂದರೂ ಸಂಘದ ಅಂಗಡಿಗೆ ಫೋನ್ ಮಾಡಿದೆ. ಗದ್ದಲದಲ್ಲಿ ಯಾರೋ ಹುಡುಗಿ "ಫುಮಿಯಕ್ಕನ ಮನೆ ಬೀಗ ಹಾಕಿದೆ" ಎಂದಳು, ಅಷ್ಟರಲ್ಲಿ ಫೋನ್ ಕಡಿದುಹೋಯಿತು. ಬೀಗ ಯಾಕೆ? ನೀನೂ ಎಲ್ಲಿಗೆ ಹೋದೆ? ಅಪ್ಪ ಬಂದು, ಏನಾದರೂ ಆಗಿ, ನೀನು ನನಗೆ ಮತ್ತೆ ಮುಚ್ಚಿಡುತ್ತಿದ್ದೀಯಾ?

ಒಂದು ಸಲ ಮುಚ್ಚಿಟ್ಟವಳು ಇನ್ನೊಂದು ಸಲವೂ ಮುಚ್ಚಿಡಬಲ್ಲಳು. ಹೀಗೆ ಬರೆಯುವುದಕ್ಕೆ ಕ್ಷಮೆ ಕೇಳುವುದಿಲ್ಲ. ಇಲ್ಲ, ಕೇಳುತ್ತೇನೆ. ಏನಾದರೂ ಬರೆ. ಬೈದು ಬರೆ.

ನಿಲ್ದಾಣದಲ್ಲಿ ವಿಚಾರಿಸಿದೆ. ಉತ್ತರದ ಗಾಡಿಗೆ ಟಿಕೆಟ್ ತೆಗೆದುಕೊಂಡದ್ದನ್ನು ಒಬ್ಬ ನೋಡಿದ್ದಾನೆ. "ಕೋಟಿಲ್ಲದ ಮುದುಕ ತಾನೇ? ಬೆಂಚಿಗೂ ಕೂರದೆ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬನ್ನಿ ಅಜ್ಜ ಅಂದರೆ, ನಾನು ಒಳಗೆ ಬರೋ ಹಾಗಿಲ್ಲ ಅಂದ" ಎಂದ. ನಿಲ್ದಾಣಕ್ಕೆ ಯಾವ ಸೂತಕ, ಅಕ್ಕ?

ಚಿಗುಸಾ

*

ಮಿಯಾದಾನಿ
ಫೆಬ್ರವರಿ 14

ಅಕ್ಕ,

ನಿನಗೆ ಸೇರುತ್ತದೋ ಇಲ್ಲವೋ, ಬರೆಯುತ್ತೇನೆ. ಬರೆಯದಿದ್ದರೆ ತಲೆ ಕೆಡುತ್ತದೆ.

ಪೊಲೀಸರಿಗೆ ತಿಳಿಸಿದೆ. ಅವರು ಎಲ್ಲ ಬರೆದುಕೊಂಡು ಚಹಾ ಕೊಟ್ಟರು. ಗೆನ್‌ಪೇ ಸಾಕೆಮನೆ ಬಿಟ್ಟು ಬರಲಾರ. ಕೊಪ್ಪರಿಗೆಯ ಪಕ್ಕದಲ್ಲೇ ಮಲಗುತ್ತಾನೆ. ಬಾಗಿಲ ಸಂದಿಯಿಂದ ಅಪ್ಪನ ಕೋಟನ್ನು ನನ್ನ ಕೈಗೆ ಕೊಟ್ಟು ಅತ್ತ. ಇಪ್ಪತ್ತೈದು ವರ್ಷ ಅಪ್ಪನ ಬೈಗುಳ ತಿಂದವನು.

ನಿನ್ನೆ ಬಸ್ ಕಂಪನಿಯ ಮಿಜೊಗುಚಿ ಆಫೀಸಿಗೆ ಕರೆಸಿದ. ಕೆಲಸದಿಂದ ತೆಗೆಯುತ್ತಾನೆ ಅಂದುಕೊಂಡೆ. ಅವನು ಖುಷಿಯಲ್ಲಿದ್ದ. "ವಿಮಾ ಕಂಪನಿಯವರು ಕಾರ್ಡ್ ಬರೆದಿದ್ದಾರಮ್ಮ. ಪಕ್ಕದ ದಾರೀಲಿ ಕರ್ಕೊಂಡು ಹೋಗಿದ್ದು ಬಹಳ ವಿಶೇಷ ಅನ್ನಿಸ್ತಂತೆ. ಇನ್ಮೇಲೆ ದಿನಾ ಹಾಗೇ ಮಾಡು."

"ಅದು ಸತ್ತವರ ಮನೆಯವರು ನಡೆಯೋ ದಾರಿ" ಅಂದೆ.

"ಸತ್ತವರು ಗಿತ್ತವರು ಅನ್ಬೇಡ. ಗುಟ್ಟಿನ ದಾರಿ ಅನ್ನು. ಅದಕ್ಕೊಂದು ಕಥೆ ಕಟ್ಟು. ನೀನು ಓದೋ ಹುಡುಗಿ, ಕಟ್ತೀಯ."

ಈ ಮನುಷ್ಯನ ಎದುರು ನಾನು ಸೂತಕದ ಪರ ವಾದ ಮಾಡಿದೆ, ಅಕ್ಕ. ನಾನು! ಅದು ಸುಳ್ಳೆಂದು ನಿನಗೆ ಬರೆದು ಇನ್ನೂ ತಿಂಗಳಾಗಿಲ್ಲ. ಆ ದಾರಿಯಲ್ಲಿ ಒಬ್ಬಳು ನಡೆದದ್ದಕ್ಕೆ ಒಬ್ಬ ಮುದುಕ ಕೋಟಿಲ್ಲದೆ ಹಿಮಕ್ಕೆ ಹೋದ, ಅಲ್ಲಿ ಫೋಟೋ ತೆಗೆಯುವ ಹಾಗಿಲ್ಲ ಅಂದೆ. ಧ್ವಜವನ್ನು ಅವನ ಮೇಜಿನ ಮೇಲಿಟ್ಟು ಬಂದೆ. ತಿಂಗಳ ಕೊನೆಯೊಳಗೆ ವಸತಿಗೃಹ ಖಾಲಿ ಮಾಡಬೇಕು.

ಕರಪತ್ರಗಳನ್ನೆಲ್ಲ ಹರಡಿಕೊಂಡು ಓದಿದೆ. ಅಪ್ಪಂದಿರನ್ನು ಹೇಗೆ ಹುಡುಕಬೇಕು ಎಂದು ಯಾರೂ ಬರೆದಿಲ್ಲ. ಹಿಂಡಿಯ ಪೊಟ್ಟಣ ಕಿಟಕಿಯಲ್ಲಿದೆ. ಅಂಚೆಗೆ ಹಾಕಲೂ ಆಗುತ್ತಿಲ್ಲ, ಎಸೆಯಲೂ ಆಗುತ್ತಿಲ್ಲ.

ಅವನು ಸತ್ತಿದ್ದರೆ ಕೊಂದವಳು ನಾನು. ಬದುಕಿದ್ದರೆ, ಎಲ್ಲಿದ್ದಾನೆ ಅನ್ನುವುದೊಂದನ್ನು ಹೇಳು. ನನ್ನ ಮುಖ ನೋಡಬೇಡ ಅಂದರೂ ಸರಿ.

ಚಿಗುಸಾ

*

ಇಸೋಹಾಮ
ಫೆಬ್ರವರಿ 18

ಚಿಗು,

ಅಪ್ಪ ಬದುಕಿದ್ದಾನೆ. ಮನೆಯಲ್ಲಿದ್ದಾನೆ. ಈಗ ಕೂತು ಓದು.

ನಾನಾವೊ ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಬಿದ್ದನಂತೆ. ಸ್ಟೇಷನ್ ಮಾಸ್ತರನ ಮನೆಯವರು ಎತ್ತಿ ಆಸ್ಪತ್ರೆಗೆ ಸೇರಿಸಿದ್ದಾರೆ. ಜ್ವರದಲ್ಲಿ ಎರಡು ದಿನ ಹೆಸರನ್ನೂ ಹೇಳಲಿಲ್ಲ, ಊರನ್ನೂ ಹೇಳಲಿಲ್ಲ. ಹೇಳಿದ ದಿನ ಸಂಘದ ಅಂಗಡಿಗೆ ಫೋನ್ ಬಂತು, ಇದ್ದ ಹಾಗೇ ಬೀಗ ಹಾಕಿ ಹೋದೆ. ಎದೆಯಲ್ಲಿ ನೀರು ಸೇರಿತ್ತು. ಉಳಿಯುವುದಿಲ್ಲ ಎಂದು ಡಾಕ್ಟರು ಒಮ್ಮೆ ನನ್ನನ್ನು ಹೊರಗೆ ಕರೆದೂ ಹೇಳಿದರು. ನಿನಗೆ ಯಾಕೆ ತಿಳಿಸಲಿಲ್ಲ ಎಂದರೆ, ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ನಿನ್ನನ್ನು ಶಪಿಸುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಮಾತು ಕೊಟ್ಟು ಹೇಳಿಬಿಟ್ಟಳು ಅಂದುಕೊಂಡೆ. ನಿನ್ನೆ ಮೀನಿನ ಲಾರಿಯಲ್ಲಿ ಅಪ್ಪನನ್ನು ಕರೆತಂದಾಗ ಬಾಗಿಲ ಕೆಳಗೆ ನಿನ್ನ ಕಾಗದಗಳು ಬಿದ್ದಿದ್ದವು. ಎಲ್ಲವನ್ನೂ ಅಪ್ಪನಿಗೆ ಗಟ್ಟಿಯಾಗಿ ಓದಿದೆ. ಮಿಜೊಗುಚಿಯ ಭಾಗ ಬಂದಾಗ, "ಧ್ವಜ ಮೇಜಿನ ಮೇಲಿಟ್ಟಳಾ? ಅವನ ತಲೆ ಮೇಲೆ ಇಡ್ಬೇಕಿತ್ತು" ಅಂದ. ಆಗ ನನಗೆ ಧೈರ್ಯ ಬಂತು.

ಸಂಜೆ ಅಮ್ಮನ ಅಸ್ಥಿಯ ಮುಂದೆ ಕೂತಿದ್ದವನು ಕೇಳಿದ: "ಕೊನೆಗೆ ಏನು ಕೇಳಿದಳು?"

"ಏನೂ ಇಲ್ಲ. ನಿದ್ದೆಯಲ್ಲೇ..."

"ಸುಳ್ಳು ಹೇಳ್ಬೇಡ ಫುಮಿ. ನನಗೆ ಸುಳ್ಳು ಸಾಕಾಗಿದೆ."

ಹೇಳಿದೆ. ನಿನಗೂ ಸುಳ್ಳು ಬರೆದಿದ್ದೆ. ಅವಳು ಬಿಸಿ ಹಿಂಡಿಗಂಜಿ ಕೇಳಿದಳು. ಡಬ್ಬಿ ಖಾಲಿಯಾಗಿತ್ತು. ಈ ವರ್ಷದ್ದು ಇನ್ನೂ ಬಂದಿರಲಿಲ್ಲ. ನಾನು ಖಾಲಿ ಡಬ್ಬಿಯನ್ನು ಬಿಸಿನೀರಲ್ಲಿ ಕಲಕಿ ಕೊಟ್ಟೆ. ಕುಡಿದು, "ಈ ಸಲ ತೆಳ್ಳಗಿದೆ" ಅಂದಳು.

ಅಪ್ಪ, "ನಲವತ್ತು ಚಳಿಗಾಲ ಅವಳಿಗೆ ಹಿಂಡಿ ಕಳಿಸಿದ್ದೀನಿ. ಹಿಂಡಿದ ದಿನದ ಸಾಕೆ ಒಂದು ಬಟ್ಟಲೂ ಕುಡಿಸಲಿಲ್ಲ. ಅದು ದೇವರದ್ದು, ಮಾಲೀಕಂದು, ಬಸ್ಸಲ್ಲಿ ಬಂದೋರದ್ದು" ಅಂದ. ನೀನು ಬರೆಯುವ ಮಾತು ಅವನ ಬಾಯಲ್ಲಿ ಕೇಳಿ ಬೆಚ್ಚಿದೆ. "ಗೆನ್‌ಪೇಗೆ ಹೇಳಿಸು. ಆ ದೊಡ್ಡ ಕೊಪ್ಪರಿಗೆ ಸೂತಕದ ಕೈಯಲ್ಲಿ ಆಗಿದ್ದು, ದೇವರಿಗೆ ಸಲ್ಲಲ್ಲ. ಗುಡಿಗೆ ಚಿಕ್ಕ ಕೊಪ್ಪರಿಗೇದು ಒಪ್ಪಿಸಲಿ, ಅದನ್ನ ಮೊದಲಿಂದ ಅವನೇ ನೋಡ್ಕೊಂಡಿದ್ದು. ಇದು ಕಿನುಗೆ ಸಲ್ಲುತ್ತೆ. ಮೊದಲು ಬಂದದ್ದನ್ನ ಒಂದು ಸೀಸೆ ಹಿಡಿದು ಚಿಗು ಕೈಲಿ ಕಳಿಸಲಿ."

ನಿನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. "ಅವಳ ಬಾಯಿ ಕರಪತ್ರದ್ದು. ಕಾಲು ಅವಳಮ್ಮಂದು" ಅಂದ.

ನಲವತ್ತೊಂಬತ್ತನೇ ದಿನ ಇಪ್ಪತ್ತಾರಕ್ಕೆ ಬೀಳುತ್ತದೆ. ಅವತ್ತು ಮಣ್ಣಿಗೆ ಸೇರಿಸೋಣ. ನೀನು ಬರುವವರೆಗೆ ಮುಚ್ಚಳ ಮುಟ್ಟಕೂಡದು ಎಂದಿದ್ದಾನೆ.

ಫುಮಿಯೆ

*

ಮಿಯಾದಾನಿ
ಫೆಬ್ರವರಿ 22

ಅಕ್ಕ,

ನಿನ್ನ ಕಾಗದವನ್ನು ವಸತಿಗೃಹದ ಮೆಟ್ಟಿಲ ಮೇಲೆ ಓದಿ ಅಲ್ಲೇ ಕೂತು ಅತ್ತೆ. ಅಡುಗೆಯವಳು "ಯಾರು ಸತ್ತರೇ?" ಎಂದು ಓಡಿ ಬಂದಳು. "ಯಾರೂ ಸಾಯಲಿಲ್ಲ" ಎಂದು ಅವಳನ್ನು ತಬ್ಬಿಕೊಂಡೆ.

ಭಾನುವಾರ ಹಿಂಡಿದರು. ನಿನ್ನ ಕಾಗದ ಮರುದಿನ ಬಂತು, ಅಪ್ಪನ ಮಾತು ಹೊತ್ತಿಗೆ ಮುಟ್ಟಲಿಲ್ಲ ಎಂದು ಹೆದರಿ ಓಡಿದೆ. ಗೆನ್‌ಪೇ ಹಿಂಬಾಗಿಲಲ್ಲೇ ಸಿಕ್ಕ. "ನಮಗೇನು ತಿಳಿಯಲ್ವಾ? ಗುಡಿಗೆ ಚಿಕ್ಕದನ್ನೇ ಕೊಟ್ಟಿದ್ದೀವಿ" ಎಂದು ಬೈದು, ಬಟ್ಟೆ ಸುತ್ತಿದ ಸೀಸೆಯನ್ನು ತಂದ. ಮೊದಲು ಇಳಿದದ್ದನ್ನು ಯಾರೂ ಹೇಳದೆಯೇ ಎತ್ತಿಟ್ಟಿದ್ದ. ಮಾಲೀಕ ದೊಡ್ಡ ಕೊಪ್ಪರಿಗೆಯದನ್ನು ಬಾಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದನಂತೆ. ಮುಂದಿನ ಚಳಿಗಾಲದ ಮಾತು ಅವನು ಎತ್ತಲಿಲ್ಲ, ಗೆನ್‌ಪೇ ಕೇಳಲಿಲ್ಲ. ಎಂಟು ಮನೆಗೆ ನಾನು ಏನು ಮಾಡಿದ್ದೇನೆ ಅನ್ನುವುದು ನನಗೆ ಇನ್ನೂ ಗೊತ್ತಿಲ್ಲ. ಅವರವರ ಮನೆ ಬಾಗಿಲಿಗೆ ಹೋಗಿ ನಾನೇ ಹೇಳುತ್ತೇನೆ.

ಸೂತಕವನ್ನು ನಾನು ಈಗಲೂ ನಂಬುವುದಿಲ್ಲ. ಆದರೂ ಇವತ್ತು ಕಮಾನಿನ ಪಕ್ಕದ ದಾರಿಯಲ್ಲೇ ನಡೆದು ಬಂದೆ, ಈ ಸಲ ಗೊತ್ತಿದ್ದೇ. ಹಿಂದೆ ಯಾರೂ ಬರಲಿಲ್ಲ.

ಸೀಸೆ, ಅಪ್ಪನ ಕೋಟು, ಹಿಂಡಿಯ ಪೊಟ್ಟಣ ಎಲ್ಲ ನನ್ನ ಜೊತೆ ಬರುತ್ತವೆ. ಅಮ್ಮನದೂ ಸೇರಿ ಬಟ್ಟಲು ನಾಲ್ಕು ತೊಳೆದಿಡು. ಅಪ್ಪ ಬಸ್ ಕಟ್ಟೆಗೆ ಬರುತ್ತೇನೆ ಎಂದು ಹಟ ಮಾಡುತ್ತಾನೆ, ನನಗೆ ಗೊತ್ತು. ನಿಂತರೆ ನಿಲ್ಲಲಿ, ಕಂಬಳಿ ಹೊದಿಸು, ಕೋಟು ನಾನು ಹಾಕುತ್ತೇನೆ. ವಾಜಿಮಾದಿಂದ ಬರುವ ಮೊದಲ ಬಸ್ಸು. ಇಸೋಹಾಮ ಕಟ್ಟೆ, ಫೆಬ್ರವರಿ 26, ಶನಿವಾರ, ಬೆಳಗ್ಗೆ ಹತ್ತೂವರೆ.

ಚಿಗುಸಾ